ಗಂಜಾಮಿನ ದೊಡ್ಡಸ್ವಾಮಿ

ಶ್ರೀರಂಗಪಟ್ಟಣಕ್ಕೆ ಹೋದ ಪ್ರಯಾಣಿಕನ ಪಾಡು ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತ ಮಿತಾಹಾರಿಯ ಪಾಡು. ಬಡಿಸುವವರು ಹತ್ತು ಮಂದಿ, ಹೊಟ್ಟೆ ಒಂದೇ. ರಂಗನಾಥನ ದರ್ಶನ, ದರಿಯಾ ದೌಲತ್ತಿನ ಗೋಡೆಗಳ ಮೇಲಿನ ಯುದ್ಧ, ಗುಂಬಜ್, ಸಂಗಮದ ಸ್ನಾನ, ಇಷ್ಟು ಮುಗಿಯುವ ವೇಳೆಗೆ ಮಕ್ಕಳು ಅಳತೊಡಗುತ್ತವೆ, ಹಿರಿಯರ ಮಂಡಿಗಳು ಮಾತನಾಡತೊಡಗುತ್ತವೆ. ಹೀಗಾಗಿ ದ್ವೀಪದ ಪೂರ್ವಭಾಗದ ಗಂಜಾಮಿನಲ್ಲಿರುವ ಪುಟ್ಟ ಇಗರ್ಜಿ ಎಲೆಯ ತುದಿಯ ಉಪ್ಪಿನಂತೆ, ಇದ್ದರೂ ಯಾರ ಗಮನಕ್ಕೂ ಬಾರದೆ ಉಳಿಯುವುದೇ ಹೆಚ್ಚು.

ಮಧುಗಿರಿಯ ಆ ಸಂಸಾರವೂ ಅದನ್ನು ನೋಡಲೆಂದು ಹೊರಟದ್ದಲ್ಲ. ಮನೆಯೊಡತಿಗೆ ಗಂಜಾಮಿನ ನಿಮಿಷಾಂಬೆಗೆ ಹರಕೆಯೊಂದಿತ್ತು. ಅಳಿಯಂದಿರಿಗೆ ಗಂಜಾಮಿನ ಅಂಜೂರದ ಮೇಲೆ ಕಣ್ಣಿತ್ತು. ಅದರ ಕೀರ್ತಿಯನ್ನು ಅವರು ಬಾಲ್ಯದಿಂದ ಕೇಳಿದ್ದರೇ ಹೊರತು ರುಚಿ ಕಂಡಿರಲಿಲ್ಲ. ಮನೆಯ ಯಜಮಾನರಾದ ರಾಯರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆ ಬೋಧಿಸಿ ನಿವೃತ್ತರಾದವರು. ನಿವೃತ್ತಿಯೆಂಬುದು ಶಾಲೆಗೆ ಬಂದಿತೇ ಹೊರತು ಬೋಧನೆಗೆ ಬರಲಿಲ್ಲವೆಂದು ಮನೆಯವರು ಹೇಳುತ್ತಾರೆ. ಬಾಡಿಗೆಯ ಕಾರು ತುಮಕೂರು, ಕುಣಿಗಲ್, ಮದ್ದೂರುಗಳನ್ನು ದಾಟುವುದರೊಳಗೆ ಚಾಲಕನೂ ಮೈಸೂರಿನ ನಾಲ್ಕು ಯುದ್ಧಗಳ ಇಸವಿಗಳನ್ನು ಕಲಿತಿದ್ದನು.

ಮಧುಗಿರಿಯವರೊಂದಿಗೆ ಪ್ರವಾಸ ಹೋಗುವುದರಲ್ಲಿ ಒಂದು ತೊಡಕುಂಟು. ಅಖಂಡ ಶಿಲೆಯ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಬೇರೆ ಯಾವ ಕೋಟೆಯೂ ಕೋಟೆಯೆನ್ನಿಸುವುದಿಲ್ಲ. ಹತ್ತು ವರ್ಷದ ಮೊಮ್ಮಗ ಶ್ರೀರಂಗಪಟ್ಟಣದ ಕೋಟೆಯನ್ನು ನೋಡಿ, "ಇದಕ್ಕೆ ಹತ್ತುವುದಕ್ಕೇ ಏನೂ ಇಲ್ಲವಲ್ಲ, ತಾತ!" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟನು. ರಾಯರಿಗೆ ಅಷ್ಟೇ ಸಾಕಾಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ತಮ್ಮ ಊರಿನ ಬೆಟ್ಟದ ಮೇಲೆಯೇ, 1767ರಲ್ಲಿ ಮರಾಠರು ಬಂದು ಬಿಡಿಸುವವರೆಗೂ ಆಕೆ ಅಲ್ಲಿಯೇ ಇದ್ದಳು, ಎಂದು ಊರಿನ ಮಾನವನ್ನು ಎತ್ತಿ ಹಿಡಿದರು. ಸೆರೆಮನೆಯಾಗಿದ್ದುದರಲ್ಲಿ ಹೆಮ್ಮೆ ಪಡತಕ್ಕದ್ದೇನೆಂದು ಅಳಿಯಂದಿರು ಕೇಳಲಿಲ್ಲ, ಅಳಿಯಂದಿರಾದವರು ಕೇಳಬಾರದು.

ಗಂಜಾಮನ್ನು ತಲಪಿದಾಗ ಪಾಠ ಮನೆಯೊಡತಿಯ ತವರಿನ ಕಡೆ ತಿರುಗಿತು. ಆಕೆ ಸಿರಾದ ಮಗಳು. ಮೊಗಲರ ಕಾಲದಲ್ಲಿ ಸಿರಾ ಒಂದು ಸುಬೆಯ ರಾಜಧಾನಿ. ಅಲ್ಲಿನ ನವಾಬ ದಿಲಾವರ ಖಾನನ ಅರಮನೆಯನ್ನೇ ಮಾದರಿಯಾಗಿಟ್ಟುಕೊಂಡು ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳು ಎದ್ದವೆಂಬ ಮಾತುಂಟು. ಟಿಪ್ಪು ಸುಲ್ತಾನನು ಈ ಹೊಸ ಪೇಟೆಯನ್ನು ಕಟ್ಟಿಸಿದಾಗ ಅದಕ್ಕೆ ದುಡಿಯುವ ಜನ ಬೇಕೆಂದು ಸಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದನೆಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. "ಹಾಗಾದರೆ ನಮ್ಮೂರನ್ನು ಬರಿದು ಮಾಡಿ ಕಟ್ಟಿದ ಊರು ಇದೇ ಅನ್ನಿ," ಎಂದು ಆಕೆ ಬೀದಿಯ ಎರಡೂ ಬದಿಯನ್ನು ದಿಟ್ಟಿಸಿದರು. ಮಾರಿದ ಮನೆಯನ್ನು ವರ್ಷಗಳ ಮೇಲೆ ಬೇರೆಯವರ ಕೈಯಲ್ಲಿ ಕಂಡವರ ನೋಟ ಅದು. ಹೂ ಮಾರುತ್ತಿದ್ದ ಹೆಂಗಸನ್ನು, "ನಿಮ್ಮ ಹಿರಿಯರು ಯಾವ ಕಡೆಯವರಮ್ಮ?" ಎಂದು ಕೇಳಿಯೂ ಬಿಟ್ಟರು. ಹೂವಿನವಳು, "ಇಲ್ಲಿಯವರೇ, ಇನ್ನೆಲ್ಲಿಯವರು?" ಎಂದಳು, ಎರಡು ಮೊಳ ಹೆಚ್ಚು ಕೊಳ್ಳದೆ ಆ ಮಾತು ಮುಂದುವರಿಯುವಂತಿರಲಿಲ್ಲ.

ಹರಕೆ ತೀರಿತು. ಅಂಜೂರ ಸಿಗಲಿಲ್ಲ. ಬಿಸಿಲು ಏರಿತ್ತು. ನೆರಳಿಗೆಂದು ಅವರೆಲ್ಲರೂ ಇಗರ್ಜಿಯ ಬಾಗಿಲಿಗೆ ಹೋದದ್ದು ಆ ಮೇಲೆ.

ಇದನ್ನು ಜನ ಅಬ್ಬೆ ದುಬಾಯಿಯ ಚರ್ಚೆಂದು ಕರೆಯುತ್ತಾರೆ. ಕಟ್ಟಿಸಿದವನು ಫ್ರೆಂಚ್ ಪಾದ್ರಿ ಜಾನ್ ಆಂತ್ವಾನ್ ದುಬಾಯಿ. ಕಾಲ 1800ರ ಸುಮಾರು. ಇವನನ್ನು ಜೆಸ್ಯೂಟನೆಂದು ಬರೆಯುವವರುಂಟು, ಅದು ಸರಿಯಲ್ಲ. ಪ್ಯಾರಿಸ್ಸಿನ ವಿದೇಶ ಮಿಷನ್ನಿಗೆ ಸೇರಿದವನು. ತನ್ನ ದೇಶದಲ್ಲಿ ಕ್ರಾಂತಿಯ ಬೆಂಕಿ ಉರಿಯುತ್ತಿದ್ದ 1792ರಲ್ಲಿ ಅದನ್ನು ಬಿಟ್ಟು ಇಂಡಿಯಕ್ಕೆ ಬಂದವನು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದನು. ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತ ಬಿಟ್ಟ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವುದು ಅವನ ಕೆಲಸವಾಗಿತ್ತು. ಈ ನಾಡಿನವರಂತೆಯೇ ಉಡುಪು ತೊಟ್ಟು, ತಲೆಗೆ ರುಮಾಲು ಸುತ್ತಿ, ಅವರ ಊಟವನ್ನೇ ಉಂಡು ಬಾಳಿದನು. ಜನ ಅವನನ್ನು ದೊಡ್ಡಸ್ವಾಮಿಯವರು ಎಂದರು.

ಹೆಸರಾದದ್ದು ಮಾತ್ರ ಪುಸ್ತಕದಿಂದ. ಹಿಂದೂಗಳ ನಡೆನುಡಿ, ಆಚಾರಗಳನ್ನು ಕುರಿತ ಅವನ ಹಸ್ತಪ್ರತಿಯನ್ನು ಕಂಪನಿ ಸರಕಾರ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಜಿಲ್ಲೆಗಳಿಗೆ ಬಂದ ಎಷ್ಟೋ ಮಂದಿ ಇಂಗ್ಲಿಷ್ ಅಧಿಕಾರಿಗಳು ನಮ್ಮವರನ್ನು ಆ ಪುಸ್ತಕದ ಕಿಟಕಿಯಿಂದಲೇ ನೋಡಿದರು. ಒಂದೂವರೆ ಶತಮಾನವಾದ ಮೇಲೆ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಅದರ ಗುಟ್ಟನ್ನು ಹೊರಗಿಟ್ಟರು. ಗ್ರಂಥದ ಬಹುಭಾಗ, ಕೂರ್ದೂ ಎಂಬ ಜೆಸ್ಯೂಟ್ ಪಾದ್ರಿಯ ಬರಹವನ್ನು ಆಧರಿಸಿ 1777ರ ವೇಳೆಗೆ ಸಿದ್ಧವಾಗಿದ್ದ ಹಸ್ತಪ್ರತಿಯಿಂದ ಬಂದುದೆಂದು 1987ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಇದನ್ನು ಹೇಳುವಾಗ ರಾಯರ ದನಿ ತಗ್ಗಿತು. ಮೂವತ್ತು ವರ್ಷ ನಕಲು ಹಿಡಿದ ಉಪಾಧ್ಯಾಯರಿಗೆ ದೇವರ ಮನೆಯಲ್ಲಿ ಯಾರ ನಕಲನ್ನೂ ಹೊರಗೆಡಹಲು ಸಂಕೋಚವೆನಿಸಿರಬೇಕು.

ಆದರೆ ನಕಲು ಮಾಡಲಾಗದ ಕೆಲಸವೊಂದನ್ನೂ ಅವನು ಮಾಡಿದನು. ಅದರ ಪ್ರಸ್ತಾಪ ಬಂದದ್ದು ಮೊಮ್ಮಗನಿಂದ. ಒಳಗಿನ ತಂಪಿನಲ್ಲಿ ತಾತ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದ್ದರು. ರಟ್ಟೆಯ ಮೇಲೆ ಕಾಸಿನಗಲದ ಎರಡು ಗುರುತುಗಳು.

"ಇದೇನು, ತಾತ?"

"ದೇವಿ ಹಾಕಿಸಿದ್ದು."

"ನನಗೂ ಒಂದು ಇದೆ!" ಎಂದು ಅವನು ತನ್ನ ತೋಳನ್ನು ತೋರಿದನು. ಅದು ಕ್ಷಯಕ್ಕೆ ಹಾಕಿಸಿದ್ದೆಂದೂ ಸಿಡುಬು ಭಾರತದಿಂದ 1975ರಲ್ಲಿಯೇ ಹೋಯಿತೆಂದೂ, 1980ರಲ್ಲಿ ಜಗತ್ತೇ ಅದರಿಂದ ಪಾರಾಯಿತೆಂದು ಸಾರಲಾಯಿತೆಂದೂ ತಿಳಿಯಹೇಳಬೇಕಾಯಿತು. ರೋಗವೂ ದೇವಿ, ಅದರ ತಡೆಯೂ ದೇವಿ; ನಮ್ಮ ಭಾಷೆಯ ಈ ಔದಾರ್ಯ ಹುಡುಗನಿಗೆ ಅರ್ಥವಾಗಲಿಲ್ಲ. ಮಧುಗಿರಿಯಲ್ಲಿ ದಂಡಿನ ಮಾರಮ್ಮನಿಗೆ ಕೈಮುಗಿಯದೆ ಹೊರಗೆ ಕಾಲಿಡದ ಅಜ್ಜಿಗೆ ವಿವರಣೆಯೇ ಬೇಕಾಗಿರಲಿಲ್ಲ. ಅವರ ಅತ್ತೆಯ ಮುಖವೆಲ್ಲ ಅಮ್ಮನ ಕಲೆಗಳೇ. ಅತ್ತೆಯ ಜೊತೆಗೆ ಹುಟ್ಟಿದ ಇಬ್ಬರಿಗೆ ಕಲೆ ಉಳಿಯುವಷ್ಟು ಕಾಲವೂ ಸಿಕ್ಕಿರಲಿಲ್ಲ.

ಜೆನ್ನರನ ಗೋಸಿಡುಬಿನ ಲಸಿಕೆ ಮುಂಬಯಿಗೆ ಬಂದದ್ದು 1802ರ ಜೂನ್ ತಿಂಗಳಲ್ಲಿ. ಆಗ ಅದು ಸೀಸೆಯಲ್ಲಿ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸುತ್ತ ಊರಿಂದೂರಿಗೆ ಒಯ್ಯಬೇಕಾಗಿತ್ತು. ಯಾವ ಜಾತಿಯ ಮಗುವಿನಿಂದ ಯಾವ ಜಾತಿಯ ಮಗುವಿಗೆ ಎಂಬ ಪ್ರಶ್ನೆ ಏಳದಿರುತ್ತದೆಯೇ? ಇಂಥ ಕೆಲಸಕ್ಕೆ ದೊಡ್ಡಸ್ವಾಮಿ ಕೈಹಾಕಿದನು. 1803-04ರಲ್ಲಿ ಅವನೂ ಅವನ ಸಹಾಯಕರೂ 25,432 ಮಂದಿಗೆ ದೇವಿ ಹಾಕಿದರೆಂದು ಸರಕಾರಿ ದಾಖಲೆಯಲ್ಲಿದೆ. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಗಾರ ಬರೆದ ಮೈಸೂರಿನ ರಾಣಿಯರ ಚಿತ್ರವೊಂದರಲ್ಲಿ ಎಳೆಯ ರಾಣಿ ಸೀರೆಯ ಸೆರಗು ಸರಿಸಿ ತೋರುತ್ತಿರುವುದು ಲಸಿಕೆಯ ಜಾಗವನ್ನೇ ಎಂದು ಇತಿಹಾಸಕಾರರೊಬ್ಬರ ವಾದ. ದುಬಾಯಿಯ ಚಿತ್ರವನ್ನು ಬರೆದವನೂ ಆ ಹಿಕ್ಕಿಯೇ.

"ಆಮೇಲೆ ಏನಾದ, ಅವನು?" ಎಂದು ಅಜ್ಜಿ ಕೇಳಿದರು.

1823ರಲ್ಲಿ ಊರಿಗೆ ಹೊರಟುಹೋದ. ಹೋಗುವಾಗ ಪತ್ರಗಳ ಒಂದು ಪುಸ್ತಕ ಅಚ್ಚು ಹಾಕಿಸಿದ. ಮೂವತ್ತು ವರ್ಷ ದುಡಿದು ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ. ಅವರಲ್ಲಿಯೂ ಹೆಚ್ಚಿನವರು ದಿಕ್ಕಿಲ್ಲದೆ ಬಂದವರು. ಈ ದೇಶದಲ್ಲಿ ಈ ಕೆಲಸ ಆಗತಕ್ಕದ್ದಲ್ಲ, ಎಂದು ಅದರಲ್ಲಿ ಬರೆದುಕೊಂಡ. ಪ್ಯಾರಿಸ್ಸಿನಲ್ಲಿ 1848ರವರೆಗೆ ಬದುಕಿದ್ದನಾದರೂ ಮತ್ತೆ ಇತ್ತ ಬರಲಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನ್ರೀ, ಇಪ್ಪತ್ತೈದು ಸಾವಿರ ಜನಕ್ಕೆ ದೇವಿ ಹಾಕಿದವನು ಸೋತೆ ಅಂತ ಬರೆದನೇ?" ಎಂದರು.

"ಅವನು ಹಾಕಿದ್ದು ಮತದ ಲೆಕ್ಕ."

"ಲೆಕ್ಕ ಬರೆಯುವುದಕ್ಕೆ ಗಂಡಸರನ್ನು ಕೂರಿಸಿದರೆ ಹೀಗೇ," ಎಂದು ಹೇಳಿ ಅವರು ಎದ್ದರು. ಹೂವಿನವಳಿಂದ ಹೆಚ್ಚಾಗಿ ಕೊಂಡ ಎರಡು ಮೊಳ ಮಲ್ಲಿಗೆ ಕೈಯಲ್ಲಿಯೇ ಇತ್ತು. ಅದನ್ನು ಎಲ್ಲಿಡಬಹುದೆಂದು, ಕಸ ಗುಡಿಸುತ್ತಿದ್ದ ಮುದುಕಿಯನ್ನು ವಿಚಾರಿಸಿದರು. ಮುದುಕಿ ಜಾಗ ತೋರಿಸಿದಳು. "ನೀವು ಯಾವ ಊರಿನವರಮ್ಮ?" ಎಂದೂ ಕೇಳಿದಳು.

"ಸಿರಾ," ಎಂದರು ಅಜ್ಜಿ. ಮದುವೆಯಾಗಿ ನಲವತ್ತೈದು ವರ್ಷ ಮಧುಗಿರಿಯಲ್ಲಿ ಬಾಳಿದ ಮೇಲೂ ಹಾಗೆಂದದ್ದನ್ನು ರಾಯರು ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಹೊರಗೆ ಚಾಲಕನು ಹಾರನ್ನು ಒತ್ತುತ್ತಿದ್ದನು. ಅಳಿಯಂದಿರು ಎಲ್ಲಿಂದಲೋ ಒಣಗಿದ ಅಂಜೂರದ ಪೊಟ್ಟಣವೊಂದನ್ನು ಸಂಪಾದಿಸಿ ತಂದಿದ್ದರು. ಅದರ ಮೇಲೆ ಬೇರೆ ಯಾವುದೋ ದೇಶದ ಹೆಸರು ಅಚ್ಚಾಗಿತ್ತು.