ಆನೆ ಕೊಳ್ಳುವ ಮುನ್ನ

ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರಿಗೆ ಚೀನಾದಿಂದ ಬೇಡಿಕೆ ಬಂದಾಗ, ನಮ್ಮ ಸೀಮೆಯ ರಸ್ತೆಗಳಲ್ಲಿ ಹಿಂದೆಂದೂ ಕಾಣದ ವಾಹನಗಳು ಓಡಾಡತೊಡಗಿದವು. ಕೆಂಧೂಳು ಮೆತ್ತಿದ ಲಾರಿಗಳ ಸಾಲಿನ ನಡುವೆ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಾಯುವ ವಿದೇಶೀ ಕಾರುಗಳು ಆನೆಯ ಗಾಂಭೀರ್ಯದಿಂದ ಸಾಗುತ್ತಿದ್ದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಆ ಕಾಲದ ವೈಭವದ ವಾಹನಗಳು ಕೈಯಿಂದ ಕೈಗೆ ಇಳಿಯುತ್ತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸಾಮಾನ್ಯರ ಅಂಗಳಕ್ಕೂ ಬಂದಿವೆ. ಬೆಲೆ ಕೇಳಿದರೆ, ಹೊಸ ಸಣ್ಣ ಕಾರಿಗಿಂತಲೂ ಕಡಿಮೆ!

ಹಡಗಲಿಯ ಬಳಿ ಮಲ್ಲಿಗೆ ಬೆಳೆಯುವ ನನ್ನ ಅಕ್ಕನ ಮಗ ಅಂಥದೊಂದಕ್ಕೆ ಮನಸೋತ. 2010ರಲ್ಲಿ ನೋಂದಣಿಯಾದ ಪೆಟ್ರೋಲ್ ಗಾಡಿ. ಯಾರೋ ಅದಕ್ಕೆ ಎಲ್.ಪಿ.ಜಿ. ಕಿಟ್ ಜೋಡಿಸಿದ್ದರು. "ಮಾಮಾ, ಪೆಟ್ರೋಲಿನ ಚಿಂತೆಯೇ ಇಲ್ಲ, ಗ್ಯಾಸಿನಲ್ಲಿ ಓಡುತ್ತದೆ" ಎಂದು ಹಿಗ್ಗಿದ. ಅದಕ್ಕಾಗಿ ಅವನು ತೆಗೆಯಲಿದ್ದದ್ದು ಮಗಳ ನರ್ಸಿಂಗ್ ಓದಿಗೆಂದು ಕೂಡಿಟ್ಟ ಹಣ.

ಅವನೊಡನೆ ಕುಳಿತು ಕಾಗದಪತ್ರಗಳನ್ನು ನೋಡಿದೆ. ಆರ್.ಸಿ.ಯಲ್ಲಿ ಇಂಧನವೆಂದರೆ ಪೆಟ್ರೋಲ್ ಮಾತ್ರ. ಗ್ಯಾಸ್ ಕಿಟ್ ಅಳವಡಿಸಿದರೆ ಆರ್.ಟಿ.ಒ. ಕಚೇರಿಯಲ್ಲಿ ಅದು ಆರ್.ಸಿ.ಗೆ ಸೇರಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲವಾದರೆ ಅಪಘಾತದ ದಿನ ಪರಿಹಾರಕ್ಕೇ ತಕರಾರು. ಎಲ್.ಪಿ.ಜಿ. ಟ್ಯಾಂಕನ್ನು 5 ವರ್ಷಕ್ಕೊಮ್ಮೆ ಪರೀಕ್ಷಿಸಬೇಕು; ಆ ಪರೀಕ್ಷೆಯ ಚೀಟಿಯೂ ಇರಲಿಲ್ಲ. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಷ್ಯ. ಅದು 2025ರಲ್ಲೇ ಮುಗಿದಿತ್ತು. ಇನ್ನು ನಾಲ್ಕು ಚಕ್ರಗಳಿಗೂ ಬಲ ಹಾಯುವ ಗಾಡಿಯಲ್ಲಿ ಟೈರುಗಳು ಸಮನಾಗಿ ಸವೆದಿರಬೇಕು. ಒಂದು ಹಾಳಾದರೆ ಕೆಲವೊಮ್ಮೆ ನಾಲ್ಕನ್ನೂ ಬದಲಿಸಬೇಕಾಗುತ್ತದೆ.

"ಗ್ಯಾಸ್ ಎಲ್ಲಿ ತುಂಬಿಸುತ್ತೀಯಪ್ಪ?" ಎಂದು ಕೇಳಿದೆ. ಮಾರುವವನು ಅದಕ್ಕೂ ಉಪಾಯ ಹೇಳಿಕೊಟ್ಟಿದ್ದ: ಮನೆಯ 14.2 ಕಿಲೋ ಸಿಲಿಂಡರಿನಿಂದ! ಅಡುಗೆಯ ಅನಿಲವನ್ನು ವಾಹನಕ್ಕೆ ತುಂಬುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮಿಗಿಲಾಗಿ, ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗದೆ ನೆಲದಲ್ಲೇ ತಂಗುತ್ತದೆ. ಆಮೇಲೆ ಒಂದು ಕಿಡಿ ಸಾಕು. ಆ ಅಂಗಳದಲ್ಲಿ ಆಡುವವರು ಅವನ ಮಕ್ಕಳೇ.

ಅವನು ಬಹಳ ಹೊತ್ತು ಸುಮ್ಮನಿದ್ದು, "ಹೂವಿನ ಬುಟ್ಟಿ ಹೊತ್ತು ಬೈಕಿನಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ ಮಾಮಾ. ಅಂಥ ಗಾಡಿಯಿಂದ ಇಳಿದರೆ ಕುರ್ಚಿ ಹಾಕುತ್ತಾರೆ" ಎಂದ. ಆ ಮಾತು ನನ್ನನ್ನು ಕಲಕಿತು. ಗೌರವದ ಹಸಿವೂ ಹಸಿವೇ. ಅದನ್ನು ಆಡಂಬರವೆಂದು ಹೀಗಳೆಯಲು ನನಗೆ ಮನಸ್ಸಾಗಲಿಲ್ಲ. ಆದರೆ ಆ ಕುರ್ಚಿಯ ಬೆಲೆಯನ್ನು ತೆರಬೇಕಾದವಳು ಅವನ ಮಗಳು. ಅವಳನ್ನು ಯಾರೂ ಕೇಳಿರಲಿಲ್ಲ.

ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಲು ಹೊರಟವನ ಮಾತೆತ್ತುತ್ತಾರೆ. ಅವನು ಮೊದಲು ಕುಳಿತು ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಬುನಾದಿಗೇ ಕೆಲಸ ನಿಂತು ನಗೆಪಾಟಲಾಗುತ್ತಾನೆ. ಪ್ರಭುವಿನ ಆ ಮಾತು ಶಿಷ್ಯನಾಗುವುದರ ಬೆಲೆಯನ್ನು ಕುರಿತದ್ದು. ಆದರೂ ಅದಕ್ಕೆ ದೃಷ್ಟಾಂತವಾಗಿ ಅವರು ಆರಿಸಿಕೊಂಡದ್ದು ಮನೆವಾರ್ತೆಯ ಲೆಕ್ಕವನ್ನೇ. ಕುಳಿತು ಲೆಕ್ಕ ಹಾಕುವ ಆ ಗಳಿಗೆಯೂ ಒಂದು ಬಗೆಯ ಪ್ರಾರ್ಥನೆಯೆಂದು ನನಗೆ ತೋರುತ್ತದೆ. ಏಕೆಂದರೆ ಆಗ ನಮ್ಮ ಆಸೆಯ ಎದುರಿಗೆ ನಮ್ಮನ್ನೇ ನಂಬಿದವರ ಮುಖಗಳು ಬಂದು ನಿಲ್ಲುತ್ತವೆ.

ಅವನು ಆ ಗಾಡಿ ಕೊಳ್ಳಲಿಲ್ಲ. ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ, ಮಾರುವವನು ಹೇಳಿದ ಬೆಲೆಯ ಪಕ್ಕದಲ್ಲಿ ಸಾಕುವ ಬೆಲೆಯನ್ನೂ ಬರೆಯಿರಿ. ಬರೆಯುವಾಗ ಮನೆಮಂದಿಯೆಲ್ಲ ಜೊತೆಗಿರಲಿ.