ಬಾಚಣಿಗೆಯಲ್ಲಿ ಸಿಕ್ಕ ಕೂದಲು

ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷ ಆಯ್ತು. ಮಗ ಇಲ್ಲೇ ಹುಟ್ಟಿದವನು. ಕಳೆದ ದೀಪಾವಳಿಗೆ ಹಾಸ್ಟೆಲಿನಿಂದ ಬಂದವನು ಮೂರು ದಿನ ಕೋಣೆ ಬಿಟ್ಟು ಹೊರಗೇ ಬರಲಿಲ್ಲ. ಕಣ್ಣು ಕೆಂಪು, ಊಟ ಬೇಡ, ಮಾತಿಲ್ಲ. ಅಂಗಿಗೆ ಹೊಗೆಯ ವಾಸನೆ ಬೇರೆ. ನನ್ನ ತಲೆ ಎಲ್ಲೆಲ್ಲಿಗೋ ಓಡಿತು ನೋಡಿ!

2020ರಲ್ಲಿ ಬೆಂಗಳೂರಿನ ಸಿನಿಮಾ ಮಂದಿಯ ಡ್ರಗ್ಸ್ ಪ್ರಕರಣದಲ್ಲಿ ಕೂದಲನ್ನು ಪರೀಕ್ಷೆಗೆ ನಮ್ಮ ಹೈದರಾಬಾದಿಗೇ ಕಳಿಸಿದ್ದು ನೆನಪಾಯಿತು. ಅವನು ಸ್ನಾನಕ್ಕೆ ಹೋದಾಗ ಬಾಚಣಿಗೆಯಿಂದ ನಾಲ್ಕು ಕೂದಲು ಬಿಡಿಸಿ ಕಾಗದದಲ್ಲಿ ಮಡಿಚಿಟ್ಟೆ, ಕಳ್ಳನ ಹಾಗೆ.

ರಾತ್ರಿ ಕೂತು ಓದಿದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ರಕ್ತದಲ್ಲಿದ್ದದ್ದು ಬೇರಿನ ಮೂಲಕ ಕೂದಲೊಳಗೆ ಸೇರಿ ಅಲ್ಲೇ ಉಳಿಯುತ್ತದೆ. ಮೂತ್ರ ಸಾಮಾನ್ಯವಾಗಿ ಕೆಲವು ದಿನದ ಕಥೆ ಹೇಳಿದರೆ, ಬುಡದಿಂದ 3 ಸೆಂ.ಮೀ. ಕೂದಲು ಸುಮಾರು ಮೂರು ತಿಂಗಳ ಕಥೆ ಹೇಳುತ್ತದೆ. ನಿನ್ನೆ ಮೊನ್ನೆಯದು ಮಾತ್ರ ಗೊತ್ತಾಗದು, ಆ ಭಾಗ ಇನ್ನೂ ಚರ್ಮದೊಳಗೇ ಇರುತ್ತದೆ. ಪರೀಕ್ಷೆಗೆ ಪೆನ್ಸಿಲ್ ದಪ್ಪದ ಗೊಂಚಲನ್ನು ಬುಡಕ್ಕೇ ಕತ್ತರಿಸಬೇಕಂತೆ. ಬಾಚಣಿಗೆಯ ನಾಲ್ಕು ಕೂದಲು ಯಾವ ಲೆಕ್ಕ? ಸಾಲದ್ದಕ್ಕೆ ಪಕ್ಕದವನು ಬಿಟ್ಟ ಹೊಗೆಯೂ ಕೂದಲಿಗೆ ಅಂಟುತ್ತದೆ. ಅದಕ್ಕೇ ಲ್ಯಾಬಿನವರು ಕೂದಲು ತೊಳೆದು, ಗಾಂಜಾ ಒಳಗೆ ಹೋದಮೇಲೆ ದೇಹವೇ ತಯಾರಿಸುವ ಅಂಶ ಇದೆಯಾ ಅಂತ ಹುಡುಕುತ್ತಾರೆ.

ಇನ್ನೊಂದು ಕಥೆ ಓದಿ ನಾಚಿಕೆಯಾಯಿತು. ಸಂಗೀತಗಾರ ಬೀಥೋವನ್‌ನ ಕೂದಲಲ್ಲಿ ವಿಪರೀತ ಸೀಸ ಇದೆ ಅಂತ 2000ದಲ್ಲಿ ಸಾರಿದ್ದರು. 2023ರಲ್ಲಿ ಡಿಎನ್ಎ ನೋಡಿದರೆ ಆ ಕೂದಲು ಯಾರೋ ಹೆಂಗಸಿನದು! (2024ರಲ್ಲಿ ಅವನದೇ ಕೂದಲಲ್ಲೂ ಸೀಸ ಸಿಕ್ಕಿತು, ಅದು ಬೇರೆ ಮಾತು.) ನಮ್ಮ ಮನೆಯಲ್ಲೂ ಮೂವರಿಗೆ ಒಂದೇ ಬಾಚಣಿಗೆ. ನಾನು ಮಡಿಚಿಟ್ಟದ್ದು ಯಾರ ಕೂದಲೋ!

ಬೆಳಿಗ್ಗೆ ಪೊಟ್ಟಣವನ್ನು ಅವನ ಮುಂದಿಟ್ಟು ಎಲ್ಲ ಹೇಳಿಬಿಟ್ಟೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಡಗೊಚ್ಚು ಕದಾ ನಾನ್ನಾ" ಅಂದ. ಕೇಳಬಹುದಿತ್ತಲ್ಲ ಅಪ್ಪಾ, ಅಂತ. ಸಿಟ್ಟು ಬಂದರೆ ಅವನಿಗೆ ತೆಲುಗೇ ಬರುವುದು. ಎರಡು ಸಬ್ಜೆಕ್ಟ್ ಹೋಗಿತ್ತಂತೆ, ಹೇಳಲು ಹೆದರಿಕೆ. ಸಿಗರೇಟು ಹೌದು, ಬೇರೇನೂ ಇಲ್ಲ ಅಂದ. ನಂಬಿದೆ.

ನಿಮಗೂ ಇಂಥ ಅನುಮಾನ ಬಂದರೆ ಮೊದಲು ಮಕ್ಕಳನ್ನೇ ಕೇಳಿ. ಪರೀಕ್ಷೆ ಬೇಕೇ ಬೇಕು ಅನ್ನಿಸಿದರೆ ಅವರಿಗೆ ಹೇಳಿ, ಜೊತೆಗೇ ಡಾಕ್ಟರ ಹತ್ತಿರ ಹೋಗಿ.

ಮಗ ಪೊಟ್ಟಣವನ್ನು ಮರೆತಿಲ್ಲ. ಈಗಲೂ ಫೋನಿಡುವ ಮುಂಚೆ ಕೇಳುತ್ತಾನೆ: "ಕೂದಲು ಕಳಿಸಲಾ ಅಪ್ಪಾ?"