ಒಂದು ಐದಾ, ಐದು ಸೊನ್ನೆಯಾ?

ನಮ್ಮ ಮಂಜೇಶ್ವರ ಕಡೆಯ ಮನೆಗಳಲ್ಲಿ ಬ್ಯಾರಿ, ತುಳು, ಕನ್ನಡ, ಮಲಯಾಳ ಎಲ್ಲ ಒಂದೇ ಸುಪ್ರದ ಸುತ್ತ ಕೂರುತ್ತವೆ. ಇಂಗ್ಲಿಷ್ ಮಾತ್ರ ಅವಸರದ ನೆಂಟ. ಅದು ಹೇಳಿದ್ದರಲ್ಲಿ ಅರ್ಧ ಕಿವಿಗೆ ಬೀಳುತ್ತದೆ, ಉಳಿದರ್ಧವನ್ನು ನಾವೇ ತುಂಬಿಕೊಳ್ಳುತ್ತೇವೆ.

ಉಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾಗ ಡಾಕ್ಟರು ‘ಡಿಸ್‌ಚಾರ್ಜ್’ ಅಂದದ್ದು ಉಮ್ಮನಿಗೆ ‘ದಿಸ್ ಚಾರ್ಜ್’ ಎಂದು ಕೇಳಿಸಿತು. ದುಡ್ಡು ಹೊಂದಿಸಲು ಹೊರಟೇಬಿಟ್ಟರು. (ಬಿಲ್ಲು ನೋಡಿದ ಮೇಲೆ ಉಮ್ಮನ ಅರ್ಥವೇ ಸರಿ ಅನಿಸಿತು ಬಿಡಿ.) ಮಕ್ಕಳು ಅದನ್ನು ಮದುವೆ ಮನೆಗಳವರೆಗೂ ಹೊತ್ತು ನಕ್ಕರು. ಉಮ್ಮನೂ ನಕ್ಕರು. ಆಮೇಲೆ ಇಂಗ್ಲಿಷ್ ಪದ ಬಂದಲ್ಲೆಲ್ಲ ತಿರುಗಿ ಕೇಳುವುದನ್ನೇ ಬಿಟ್ಟರು.

ಇಂಗ್ಲಿಷರ ಕಿವಿಯೇನು ಬೇರೆಯಲ್ಲ. ‘ಇಂಟೆಂಟ್ಸ್ ಆಂಡ್ ಪರ್ಪಸಸ್’ ಎಂಬುದನ್ನು ‘ಇಂಟೆನ್ಸಿವ್ ಪರ್ಪಸಸ್’ ಎನ್ನುವವರು ಅಲ್ಲೇ ಹುಟ್ಟಿ ಬೆಳೆದವರು. ಅಡುಗೆಮನೆಯ ಏಪ್ರನ್ ಹಿಂದೆ ‘ನ್ಯಾಪ್ರನ್’ ಆಗಿತ್ತು. ‘ಎ ನ್ಯಾಪ್ರನ್’ ಎಂದದ್ದು ‘ಆ್ಯನ್ ಏಪ್ರನ್’ ಎಂದು ಕೇಳಿಸಿ, ಹಾಗೇ ಉಳಿಯಿತು. ಕಿತ್ತಳೆ ಮಾರುತ್ತಿದ್ದ ನಮ್ಮ ಹರೇಕಳ ಹಾಜಬ್ಬ, ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದ್ದು ತಿಳಿಯದೆ ನೊಂದು, ಊರಿಗೇ ಶಾಲೆ ತಂದವರು. 2020ರಲ್ಲಿ ಪದ್ಮಶ್ರೀಗೆ ಆಯ್ಕೆಯಾದವರು. ಅವರ ಬುಟ್ಟಿಯಲ್ಲಿದ್ದ ‘ಆರೆಂಜ್’ ಕೂಡ ಅರಬಿಯ ‘ನಾರಂಜ್’; ಯುರೋಪಿನ ಬಾಯಿ-ಕಿವಿಗಳ ನಡುವೆ ಮೊದಲ ‘ನ’ ಕಳಕೊಂಡದ್ದು.

ಆದರೆ ಎಲ್ಲವೂ ಕಿತ್ತಳೆಯಷ್ಟು ಸಿಹಿಯಲ್ಲ. ಉಪ್ಪನಿಗೆ ಇನ್ಸುಲಿನ್ ಶುರುವಾದ ವಾರ, ಪ್ರಮಾಣ ಬದಲಿಸಲು ಆಸ್ಪತ್ರೆಯಿಂದ ಫೋನ್ ಬಂತು. ಮನೆಯಲ್ಲಿ ಉಮ್ಮ ಮಾತ್ರ. ಆಚೆಯವರು ಹೇಳಿದ್ದು ಫಿಫ್ಟೀನೋ ಫಿಫ್ಟಿಯೋ? ಫೋನಿನಲ್ಲಿ ಕೊನೆಯ ‘ನ್’ ನುಂಗಿಹೋದರೆ ಎರಡೂ ಒಂದೇ. ನಡುವಿನ ಅಂತರ 35 ಯೂನಿಟ್. ಅಷ್ಟು ಹೆಚ್ಚಾದರೆ ಸಕ್ಕರೆ ಕುಸಿದು ಜೀವಕ್ಕೇ ಅಪಾಯ.

ಬಹಳ ದಿನಗಳ ನಂತರ ಉಮ್ಮ ತಿರುಗಿ ಕೇಳಿದರು, ಕನ್ನಡದಲ್ಲಿ: “ಒಂದು ಐದಾ, ಐದು ಸೊನ್ನೆಯಾ?” ಆಚೆ ಯಾರೋ ನಕ್ಕದ್ದು ಕೇಳಿಸಿತಂತೆ. ಉಮ್ಮ ಫೋನ್ ಇಡಲಿಲ್ಲ, ಇನ್ನೊಮ್ಮೆ ಕೇಳಿದರು. “ಒಂದು ಐದು, ಹದಿನೈದು” ಎಂದು ಉತ್ತರ ಬಂತು. ವಿಮಾನದ ಪೈಲಟ್‌ಗಳೂ ಹೀಗೇ ಅಂಕಿ ಬಿಡಿಸಿ ಹೇಳುತ್ತಾರೆ, ಕೇಳಿದ್ದನ್ನು ತಿರುಗಿ ಒಪ್ಪಿಸುತ್ತಾರೆ. ಅಲ್ಲಿ ಯಾರೂ ನಗುವುದಿಲ್ಲ.

ಸಂಜೆ ಉಮ್ಮ ಇದನ್ನು ಹೇಳಿದಾಗ ಮಕ್ಕಳೂ ನಗಲಿಲ್ಲ. ಅವರಲ್ಲೊಬ್ಬಳು ಕ್ಯಾಲೆಂಡರಿನ ಹಿಂದೆ 13–30, 14–40 ಎಂದು 19–90ರವರೆಗೆ ಜೋಡಿಗಳನ್ನು ಬರೆದು, ಫೋನ್ ಚಾರ್ಜಿಗಿಡುವ ಗೋಡೆಗೆ ಅಂಟಿಸಿದಳು. ಉಪ್ಪ ಅದನ್ನು ಮಗ್ಗಿ ಎಂದುಕೊಂಡಿದ್ದಾರೆ.